ಸಮುದ್ರಕ್ಕೆ ಬೀಗ ಹಾಕಿದಾಗ

ಅಮಲು ಪದಾರ್ಥಗಳನ್ನು ಗಡಿಯಲ್ಲೇ ತಡೆಯಬೇಕೆಂಬುದಕ್ಕೆ ಯಾರ ತಕರಾರೂ ಇರಲಾರದು. ಅಮಲನ್ನು ಹರಾಮ್ ಎಂದು ನಂಬುವವರಿಗಂತೂ ಇಲ್ಲ. ಪ್ರಶ್ನೆ ಬೇರೆ: ಕಾವಲು ಬಿಗಿಯಾದರೆ ಕಳ್ಳಸಾಗಣೆದಾರರ ಶಕ್ತಿ ಕುಂದುತ್ತದೆಯೇ? 1980ರ ದಶಕದ ಅಮೆರಿಕದ ಅನುಭವ ಇಲ್ಲಿ ನೆನೆಯತಕ್ಕದ್ದು.

ಆಗ ಕೊಲಂಬಿಯಾದ ಕೊಕೇನ್ ಮುಖ್ಯವಾಗಿ ಕೆರಿಬಿಯನ್ ಸಮುದ್ರದ ಮೂಲಕ ಫ್ಲೋರಿಡಾ ತಲುಪುತ್ತಿತ್ತು. ಮೆಡೆಲಿನ್ ಗುಂಪಿನ ಕಾರ್ಲೋಸ್ ಲೇಡರ್ ಬಹಾಮಾಸ್‌ನ ನಾರ್ಮನ್ಸ್ ಕೇ ಎಂಬ ಪುಟ್ಟ ದ್ವೀಪವನ್ನೇ ತನ್ನ ವಿಮಾನಗಳ ತಂಗುದಾಣ ಮಾಡಿಕೊಂಡಿದ್ದ. 1982ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ದಕ್ಷಿಣ ಫ್ಲೋರಿಡಾಕ್ಕೆ ವಿಶೇಷ ಕಾರ್ಯಪಡೆ ಪ್ರಕಟಿಸಿ, ಅದರ ಹೊಣೆಯನ್ನು ಉಪಾಧ್ಯಕ್ಷ ಜಾರ್ಜ್ ಬುಷ್‌ಗೆ ವಹಿಸಿದರು. ಕಸ್ಟಮ್ಸ್ ಮತ್ತು ಕರಾವಳಿ ಕಾವಲು ಪಡೆಯ ಬೆಂಬಲಕ್ಕೆ ಸೇನೆಯ ರಾಡಾರ್ ವಿಮಾನಗಳೂ ನೌಕಾಪಡೆಯ ಹಡಗುಗಳೂ ಬಂದವು.

ಇದರಿಂದ ಏನೂ ಆಗಲಿಲ್ಲ ಎನ್ನುವುದು ಅನ್ಯಾಯ. ಕೆರಿಬಿಯನ್ ದಾರಿ ನಿಜಕ್ಕೂ ಅಪಾಯಕಾರಿಯಾಯಿತು. 1987ರಲ್ಲಿ ಲೇಡರ್ ಸೆರೆಸಿಕ್ಕಿ ಅಮೆರಿಕದ ವಶವಾದ. ಆದರೆ ಅಷ್ಟರಲ್ಲಿ ಸರಕು ಮೆಕ್ಸಿಕೊದತ್ತ ಹೊರಳಿತ್ತು.

ಮೆಕ್ಸಿಕೊದ ಗುಂಪುಗಳು ಗಾಂಜಾ, ಹೆರಾಯಿನ್ ಸಾಗಿಸುತ್ತಾ ಮೂರು ಸಾವಿರ ಕಿ.ಮೀ.ಗೂ ಉದ್ದದ ಆ ಭೂಗಡಿಯ ಒಳಹೊರಗನ್ನು ಬಲ್ಲವರು. ಅವರ ಮುಂದಾಳು ಗ್ವಾಡಲಹಾರದ ಫೆಲಿಕ್ಸ್ ಗಯಾರ್ಡೊ, ಒಂದು ಕಾಲದ ಪೊಲೀಸ್! ಮೊದಮೊದಲು ಕೊಲಂಬಿಯಾದವರು ಇವರಿಗೆ ಕೊಡುತ್ತಿದ್ದುದು ಕಿಲೋಗೆ ಇಷ್ಟು ಎಂಬ ಸಾಗಾಟದ ಕೂಲಿ. ಸಮುದ್ರ ಬಿಗಿಯಾದಂತೆ ಇವರ ಬೇಡಿಕೆ ಏರಿತು. ಕೊನೆಗೆ ನಗದಿನ ಬದಲು ಸರಕಿನಲ್ಲೇ ಪಾಲು, ಕೆಲವೊಮ್ಮೆ ಅರ್ಧದಷ್ಟು. ಹಮಾಲಿ ಮಾಡುತ್ತಿದ್ದವರು ಹೀಗೆ ಮಾಲಕರಾದರು. ಫ್ಲೋರಿಡಾದ ಕಾವಲು ಅವರಿಗೆ ಕೊಟ್ಟ ಉಡುಗೊರೆಯಿದು.

1989ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಿಲ್ಮಾರ್‌ನ ಗೋದಾಮೊಂದರಲ್ಲಿ 20 ಟನ್‌ಗೂ ಹೆಚ್ಚು ಕೊಕೇನ್ ಸಿಕ್ಕಿತು. ಅದು ಬಂದದ್ದು ಮೆಕ್ಸಿಕೊ ಗಡಿಯಿಂದ. ಮರುವರ್ಷ ಆಗ್ವಾ ಪ್ರಿಯೆಟಾದ ಮನೆಯೊಂದರಿಂದ ಗಡಿಯಾಚೆಯ ಡಗ್ಲಸ್ ಪಟ್ಟಣಕ್ಕೆ ತೋಡಿದ್ದ ಸುರಂಗ ಪತ್ತೆಯಾಯಿತು. ಬಾಯಿಯ ಮೇಲೆ ಬಿಲಿಯರ್ಡ್ಸ್ ಮೇಜು. ಯಂತ್ರ ಚಾಲೂ ಮಾಡಿದರೆ ಮೇಜು ನೆಲದ ಸಮೇತ ಮೇಲೇಳುತ್ತಿತ್ತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು!

ಇದರ ಲೆಕ್ಕಾಚಾರವನ್ನು ಅರ್ಥಶಾಸ್ತ್ರಜ್ಞ ಪೀಟರ್ ರಾಯ್ಟರ್ 1988ರಲ್ಲೇ ರಕ್ಷಣಾ ಇಲಾಖೆಗೆ ತಿಳಿಸಿದ್ದರು. ಕೊಕೇನ್‌ನ ಬೆಲೆಯ ಬಹುಪಾಲು ಸೇರುವುದು ಗಡಿ ದಾಟಿದ ಬಳಿಕ, ಬೀದಿಯ ಮಾರಾಟದಲ್ಲಿ. ಗಡಿಯಲ್ಲಿ ಒಂದು ಹೊರೆ ಹೋದರೆ ಇನ್ನೊಂದನ್ನು ಕಳುಹಿಸಲು ಹೆಚ್ಚಿನ ಖರ್ಚಿಲ್ಲ. ಕಾವಲು ಏರುತ್ತಾ ಹೋದ ಅದೇ ದಶಕದಲ್ಲಿ ಅಮೆರಿಕದಲ್ಲಿ ಕೊಕೇನ್‌ನ ಸಗಟು ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಈ ಗುಂಪುಗಳು ಪರಸ್ಪರ ಕಾದಾಡತೊಡಗಿದಾಗ ಬೆಲೆ ತೆತ್ತವರು ಮೆಕ್ಸಿಕೊದ ಜನಸಾಮಾನ್ಯರು. 2006ರ ಡಿಸೆಂಬರ್‌ನಲ್ಲಿ ಸರಕಾರ ಸೇನೆಯನ್ನು ಇಳಿಸಿತು, ಹತ್ಯೆಗಳು ಮತ್ತಷ್ಟು ಹೆಚ್ಚಿದವು. ಅಲ್ಲಿನ ಅಧಿಕೃತ ಪಟ್ಟಿಯಲ್ಲಿ ನಾಪತ್ತೆಯಾದವರ ಸಂಖ್ಯೆಯೇ ಒಂದು ಲಕ್ಷ ದಾಟಿದೆ.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನೆ ಮತ್ತೆ ಅದೇ ಕೆರಿಬಿಯನ್ ಸಮುದ್ರಕ್ಕೆ ಬಂದು, ಮಾದಕ ದ್ರವ್ಯ ಸಾಗಿಸುತ್ತಿವೆಯೆಂದು ದೋಣಿಗಳನ್ನು ಸ್ಫೋಟಿಸತೊಡಗಿತು. ಅವುಗಳಲ್ಲಿದ್ದವರಿಗೆ ವಿಚಾರಣೆಯೂ ಇರಲಿಲ್ಲ. ಆ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುತ್ತಿದ್ದ ಫೆಂಟಾನಿಲ್ ಬರುತ್ತಿದ್ದುದಾದರೋ ಬಹುತೇಕ ಮೆಕ್ಸಿಕೊದಿಂದ, ಅಧಿಕೃತ ತಪಾಸಣಾ ಠಾಣೆಗಳನ್ನೇ ದಾಟುವ ಕಾರು, ಲಾರಿಗಳಲ್ಲಿ.