ಲಂಟಾನ, ಜಿಂಕೆ ಮತ್ತು ತರಗು ಬೆಂಕಿ

ಲಿಂಗರಾಜಪುರದಲ್ಲಿ ಒಂದು ಖಾಲಿ ಸೈಟನ್ನ ಎರಡು ಮಳೆಗಾಲ ಹಾಗೇ ಬಿಟ್ಟು ನೋಡಿ, ಲಂಟಾನ ಬಂದಿರತ್ತೆ. ವೀಕೆಂಡಿಗೆ ಬಂಡೀಪುರ ಸಫಾರಿಗೆ ಹೋದರೆ ಜೀಪಿನ ಎರಡೂ ಕಡೆ ಅದೇ ಬಣ್ಣಬಣ್ಣದ ಹೂಗೊಂಚಲು. "ಎಷ್ಟು ಹಸಿರು" ಅಂತ ಫೋಟೋ ತೆಗೀತೀವಿ. ಜಿಂಕೆಗೆ ಅದು ಹಸಿರೇ ಅಲ್ಲ. ಎಲೆ ವಿಷ, ಕೆಳಗೆ ಹುಲ್ಲು ಹುಟ್ಟಲ್ಲ.

ಈ ಗಿಡ ಅಮೆರಿಕ ಖಂಡದ್ದು. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿಂದ ಹಕ್ಕಿಗಳು ಮುಂದಿನ ಕೆಲಸ ಮಾಡಿದವು. 1916ರಿಂದ 1919ರವರೆಗೆ ವೈ. ರಾಮಚಂದ್ರ ರಾವ್ ಎಂಬ ಕೀಟತಜ್ಞರು ಭಾರತ, ಬರ್ಮಾ ಸುತ್ತಿ, ಇದನ್ನ ತಿನ್ನೋ ಹುಳ ಯಾವುದಾದರೂ ಇದೆಯಾ ಅಂತ ಹುಡುಕಿದರು. ಗಿಡವನ್ನ ಮಣಿಸುವಂಥದ್ದು ಸಿಗಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ಒಂದು ತಿಗಣೆ ಜಾತಿಯ ಕೀಟ ತರಿಸಿದರು. ಪರೀಕ್ಷೆಯಲ್ಲಿ ಅದು ತೇಗದ ಹೂವನ್ನೂ ತಿಂದಿತು! ಗಾಬರಿಯಾಗಿ ಎಲ್ಲವನ್ನೂ ನಾಶ ಮಾಡಿದರು. ಹತ್ತು ವರ್ಷದ ಮೇಲೆ ನೋಡಿದರೆ ಅದು ಹೊರಗಡೆ ಆರಾಮಾಗಿತ್ತು. ಲಂಟಾನ ಇನ್ನೂ ಆರಾಮಾಗಿತ್ತು.

ಹಾಗಾದರೆ ಔಷಧಿ ಹೊಡೆದರೆ? ಅಮೆರಿಕದ ಟೆಕ್ಸಾಸ್‌ನಲ್ಲಿ ಎರಡನೇ ಮಹಾಯುದ್ಧದ ನಂತರ ಅದನ್ನೇ ಮಾಡಿದರು. ದನದ ಹುಲ್ಲಿಗಾಗಿ ಮುಳ್ಳುಪೊದೆಗಳ ಮೇಲೆ ವಿಮಾನದಿಂದ ಕಳೆನಾಶಕ ಸುರಿದರು. ದನಕ್ಕೆ ಹುಲ್ಲು ಬಂತು, ಜಿಂಕೆಗೆ ಪೆಟ್ಟು ಬಿತ್ತು. ಅಲ್ಲಿನ ಜಿಂಕೆ ಹೆಚ್ಚಾಗಿ ತಿನ್ನೋದು ಅಗಲ ಎಲೆಯ ಸಣ್ಣ ಗಿಡ ಮತ್ತು ಪೊದೆಯ ಚಿಗುರನ್ನ. ಔಷಧಿ ಅವನ್ನೂ ಸುಟ್ಟಿತು, ಅಡಗೋ ಜಾಗವೂ ಹೋಯಿತು. ಆಮೇಲೆ ಪಟ್ಟಿಪಟ್ಟಿಯಾಗಿ ಹೊಡೆದು ನಡುವೆ ಪೊದೆ ಉಳಿಸೋದನ್ನ ಕಲಿತರು. ನಮ್ಮ ಚುಕ್ಕೆ ಜಿಂಕೆ ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ, ಹಾಗಾಗಿ ಲೆಕ್ಕ ಪೂರ್ತಿ ಒಂದೇ ಅಲ್ಲ. ಆದರೂ ಹುಲಿ ಕಾಡಿನ ಕೆರೆಗೆ ಹರಿಯೋ ನೀರಿನ ಮೇಲೆ ಗ್ಲೈಫೋಸೇಟ್ ಸುರಿಯೋದು ನನಗಂತೂ ಹುಚ್ಚು ಅನಿಸತ್ತೆ.

ಇದಕ್ಕಿಂತ ಮುಖ್ಯವಾದ ಕತೆ ಬಿಳಿಗಿರಿರಂಗನ ಬೆಟ್ಟದ್ದು. ಅಲ್ಲಿನ ಸೋಲಿಗರು ಬೇಸಿಗೆ ಬಲಿಯೋ ಮುಂಚೆ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಇಡ್ತಿದ್ದರು. ಅದೇ ತರಗು ಬೆಂಕಿ. ಬೇಗ ಓಡಿ ಆರಿಹೋಗೋ ಬೆಂಕಿ. ಮರ ಉಳಿಯುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ಲಂಟಾನದ ಸಸಿ ಸಾಯುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಲಂಟಾನ ಹೆಚ್ಚಿದ್ದು ಅದರಿಂದಲೇ ಅಂತಾರೆ ಸೋಲಿಗ ಹಿರಿಯರು. ನಮ್ಮ ಬೆಂಗಳೂರಿನದೇ ಆದ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಲೆಕ್ಕ ಹಾಕಿದಾಗ, 1997ರಲ್ಲಿ ಸುಮಾರು ಶೇ. 40ರಷ್ಟು ತಾಕುಗಳಲ್ಲಿದ್ದ ಲಂಟಾನ 2008ಕ್ಕೆ ಶೇ. 80ರಷ್ಟು ತಾಕುಗಳಲ್ಲಿತ್ತು.

ಈಗ ಹಳೇ ಬೆಂಕಿಯನ್ನ ವಾಪಸ್ ತರೋಣ ಅಂದರೆ ಅದೂ ಸುಲಭವಿಲ್ಲ. ಆಳೆತ್ತರದ ಲಂಟಾನಕ್ಕೆ ಬೆಂಕಿ ತಗುಲಿದರೆ ಮರದ ತುದಿಗೇ ಏರತ್ತೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದಿದ್ದನ್ನ ಟೀವಿಯಲ್ಲಿ ನೋಡಿದ್ದೀರಿ. ಮೊದಲು ಬುಡಸಮೇತ ಕೀಳಬೇಕು, ಆ ಜಾಗದಲ್ಲಿ ಹುಲ್ಲು ಬರಿಸಬೇಕು, ಮುಂದಿನ ಮಳೆಗೆ ಎದ್ದ ಸಸಿಗಳನ್ನ ಮತ್ತೆ ಕೀಳಬೇಕು, ಅದರ ಮುಂದಿನ ಮಳೆಗೂ. ಕಿತ್ತಿದ್ದಕ್ಕೆ ಮಾತ್ರ ದುಡ್ಡು ಕೊಟ್ಟು, ನೋಡಿಕೊಳ್ಳೋದಕ್ಕೆ ಕೊಡದ ಟೆಂಡರಿನಲ್ಲಿ ಇದು ಆಗೋ ಕೆಲಸವಲ್ಲ.