ಬೇರೆಯವರು ಹಾಡಲಾಗದ ಹಾಡು

1960ರ ಆಗಸ್ಟ್‌ನಲ್ಲಿ ಲಿವರ್‌ಪೂಲ್‌ನ ಐವರು ಹುಡುಗರು ಜರ್ಮನಿಯ ಹ್ಯಾಂಬರ್ಗ್‌ಗೆ ಬಂದಿಳಿದಾಗ ಅವರ ಬತ್ತಳಿಕೆಯಲ್ಲಿದ್ದವು ಹೆಚ್ಚೂಕಡಿಮೆ ಎಲ್ಲವೂ ಎರವಲು ಹಾಡುಗಳೇ. ಚಕ್ ಬೆರಿ, ಲಿಟ್ಲ್ ರಿಚರ್ಡ್, ಕಾರ್ಲ್ ಪರ್ಕಿನ್ಸ್ ಹಾಡಿದ್ದವು. ಇಂದ್ರ ಎಂಬ ಹೆಸರಿನ ಕ್ಲಬ್ಬಿನಲ್ಲಿ ರಾತ್ರಿಯಿಡೀ ಗಂಟೆಗಟ್ಟಲೆ ನುಡಿಸಬೇಕಿತ್ತು. ಅಷ್ಟು ಹೊತ್ತು ತುಂಬಿಸಲು ಎಷ್ಟು ಹಾಡು ಕಲಿತರೂ ಸಾಲದು. ಬೀಟಲ್ಸ್ ಪಳಗಿದ್ದು ಹೀಗೆ, ಪರರ ಹಾಡುಗಳ ಗರಡಿಯಲ್ಲಿ.

ಊರಿಗೆ ಮರಳಿದರೆ ಬೇರೆಯದೇ ತೊಡಕು. ಲಿವರ್‌ಪೂಲ್‌ನ ಹತ್ತಾರು ತಂಡಗಳು ಕೇಳುತ್ತಿದ್ದದ್ದು ಅವೇ ಅಮೆರಿಕನ್ ರೆಕಾರ್ಡ್‌ಗಳನ್ನು. ವೇದಿಕೆಯ ಹಿಂದೆ ಸರದಿ ಕಾಯುತ್ತಿದ್ದಾಗ ತಮಗಿಂತ ಮೊದಲಿನ ತಂಡ ತಮ್ಮ ಪಟ್ಟಿಯ ಹಾಡನ್ನೇ ಎತ್ತಿಕೊಂಡರೆ ಗತಿಯೇನು? ಯಾರೂ ಕೇಳದ ಹಾಡು ಸಿಕ್ಕೀತೆಂದು ರೆಕಾರ್ಡ್‌ಗಳ ಹಿಂಬದಿಯನ್ನೂ ಜಾಲಾಡಿದರು. ಉಳಿದವರೂ ಅದನ್ನೇ ಮಾಡುತ್ತಿದ್ದರು. ಸ್ವಂತ ಹಾಡಾದರೆ ಆ ಭಯವಿಲ್ಲ. ತಾವು ಅತ್ತ ಹೊರಳಿದ್ದಕ್ಕೆ ತಂಡದ ಪಾಲ್ ಮೆಕಾರ್ಟ್ನಿ ಮುಂದೆ ಕೊಟ್ಟ ಕಾರಣ ಇದೇ. ಮಹತ್ವಾಕಾಂಕ್ಷೆಗಿಂತ ಹೊಟ್ಟೆಪಾಡಿಗೆ ಹತ್ತಿರವಾದ ಈ ಕಾರಣವೇ ಹೆಚ್ಚು ನಂಬಲರ್ಹ.

ಹಾಡುಗಳೇನೋ ಆಗಲೇ ಇದ್ದವು. ಫೋರ್ತ್‌ಲಿನ್ ರಸ್ತೆಯ ಪಾಲ್ ಮನೆಯಲ್ಲಿ, ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಪಾಲ್ ಮತ್ತು ತಂಡದ ಗೆಳೆಯ ಜಾನ್ ಲೆನನ್ ಕ್ಲಾಸು ತಪ್ಪಿಸಿ ಬರೆದು ನೋಟ್‌ಬುಕ್ಕಿಗಿಳಿಸಿದವು. ಪಾಲ್ ಎಡಚ; ಎದುರುಬದುರು ಕೂತರೆ ಒಬ್ಬನ ಗಿಟಾರು ಇನ್ನೊಬ್ಬನಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು.

ಅವನ್ನು ಹೊರಗೆ ಹಾಡುವ ಧೈರ್ಯ ಮಾತ್ರ ನಿಧಾನಕ್ಕೆ ಬಂತು. 1962ರ ಜನವರಿ 1ರಂದು ಡೆಕ್ಕಾ ರೆಕಾರ್ಡ್ ಕಂಪನಿಯ ಪರೀಕ್ಷೆಯಲ್ಲಿ ಹಾಡಿದ 15 ಹಾಡುಗಳಲ್ಲಿ ಸ್ವಂತದ್ದು ಮೂರೇ. ಡೆಕ್ಕಾ ಬೇಡವೆಂದಿತು. ಅದೇ ವರ್ಷ ಇನ್ನೊಂದು ಕಂಪನಿಯಾದ ಪಾರ್ಲೊಫೋನ್‌ನ ಜಾರ್ಜ್ ಮಾರ್ಟಿನ್ ಅವಕಾಶ ಕೊಟ್ಟರು, ಜೊತೆಗೆ ಮಿಚ್ ಮರ್ರೆ ಬರೆದ 'ಹೌ ಡು ಯು ಡು ಇಟ್' ಎಂಬ ಹಾಡನ್ನೂ ಕೊಟ್ಟರು. ಹುಡುಗರು ಒಲ್ಲದ ಮನಸ್ಸಿನಿಂದಲೇ ರೆಕಾರ್ಡ್ ಮಾಡಿದರು, ಆದರೆ ತಮ್ಮದೇ ಹಾಡು ಬರಲಿ ಎಂದು ಪಟ್ಟು ಹಿಡಿದರು. ಇಡೀ ಕಥೆಯಲ್ಲಿ ಎದೆಗಾರಿಕೆಯ ಗಳಿಗೆ ಇದೇ: ಹೆಸರಿಲ್ಲದ ತಂಡವೊಂದು ಗೆಲ್ಲುವಂತಿದ್ದ ಹಾಡನ್ನು ಕೈಬಿಟ್ಟಿತ್ತು. ಅಕ್ಟೋಬರ್‌ನಲ್ಲಿ 'ಲವ್ ಮಿ ಡು' ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ 17ನೇ ಸ್ಥಾನದವರೆಗೆ ಏರಿತು. ಬಿಟ್ಟ ಹಾಡನ್ನು ಮರುವರ್ಷ ಲಿವರ್‌ಪೂಲ್‌ನದೇ ಗೆರ್ರಿ ಅಂಡ್ ದಿ ಪೇಸ್‌ಮೇಕರ್ಸ್ ಹಾಡಿ ಮೊದಲ ಸ್ಥಾನಕ್ಕೆ ಒಯ್ದರು.

ಆಮೇಲೂ ದಾರಿ ನೇರವಾಗಿರಲಿಲ್ಲ. 1963ರ ಮೊದಲ ಆಲ್ಬಂನ 14ರಲ್ಲಿ ಎಂಟು ಸ್ವಂತದವು. 1964ರ ಜುಲೈನ 'ಎ ಹಾರ್ಡ್ ಡೇಸ್ ನೈಟ್'ನಲ್ಲಿ ಹದಿಮೂರಕ್ಕೆ ಹದಿಮೂರೂ ಲೆನನ್–ಮೆಕಾರ್ಟ್ನಿಯವು. ಆದರೆ ಅದೇ ಡಿಸೆಂಬರ್‌ನ 'ಬೀಟಲ್ಸ್ ಫಾರ್ ಸೇಲ್'ಗೆ ಮತ್ತೆ ಆರು ಎರವಲು ಹಾಡು ಬಂದು ಕೂತವು. ಬಿಡುವಿಲ್ಲದ ಪ್ರವಾಸದಲ್ಲಿ ಬರೆಯಲು ಪುರಸೊತ್ತಾದರೂ ಎಲ್ಲಿತ್ತು? ದಣಿದಾಗ ಕೈಹಿಡಿದದ್ದು ಹ್ಯಾಂಬರ್ಗ್‌ನ ಹಳೆಯ ಸರಕೇ.

ಇದಕ್ಕೂ ಮೊದಲೇ ಅವರಲ್ಲಿ ಹಂಚುವಷ್ಟು ಹಾಡುಗಳೂ ಇದ್ದವು. 1963ರ ಸೆಪ್ಟೆಂಬರ್‌ನಲ್ಲಿ, ಇನ್ನೂ ಪರರ ಹಾಡುಗಳನ್ನೇ ನಂಬಿದ್ದ ರೋಲಿಂಗ್ ಸ್ಟೋನ್ಸ್ ತಂಡದ ಅಭ್ಯಾಸದ ಕೋಣೆಗೆ ಜಾನ್ ಮತ್ತು ಪಾಲ್ ಹೋದರು. ಅರ್ಧ ಬರೆದಿದ್ದ 'ಐ ವಾನ ಬಿ ಯುವರ್ ಮ್ಯಾನ್' ಅನ್ನು ಅಲ್ಲೇ ಮೂಲೆಯಲ್ಲಿ ಕೂತು ಮುಗಿಸಿ ಕೊಟ್ಟುಬಂದರು. ನೋಡುತ್ತಿದ್ದ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ತಾವೂ ಬರೆಯಲು ಕೂತರು; 1965ರಲ್ಲಿ ಅವರಿಬ್ಬರ 'ಸ್ಯಾಟಿಸ್‌ಫ್ಯಾಕ್ಷನ್' ಹೊರಬಂತು.