ಮಧ್ಯಕಾಲೀನ ಕಿಸುಕಾಡು ಸೀಮೆಯ ಅಂಗರಾಗ ಮತ್ತು ಮೈಯ ಆರೈಕೆ

ಮೈಗೆ ಪೂಸುವ ಗಂಧ, ಲೇಪ, ಚೂರ್ಣ, ಬಣ್ಣಗಳನ್ನು ಒಟ್ಟಾಗಿ ಅಂಗರಾಗ ಎನ್ನುತ್ತಾರೆ. ಇಂದಿನ ರೋಣ, ಗಜೇಂದ್ರಗಡಗಳ ಪರಿಸರ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು-70 ಎಂಬ ಆಡಳಿತ ವಿಭಾಗದೊಂದಿಗೆ ಬೆಸೆದುಕೊಂಡಿತ್ತು. ನರಗುಂದದ ಸುತ್ತಲಿನ ಎರೆನಾಡು ಬೆಳ್ವೊಲ-300 ಎಂಬ ವಿಭಾಗಕ್ಕೆ ಹೊಂದಿಕೊಂಡಿತ್ತು. 11 ಮತ್ತು 12ನೆಯ ಶತಮಾನಗಳಲ್ಲಿ ಈ ಸೀಮೆಯಲ್ಲಿ ಅಂಗರಾಗವು ಬರಿಯ ಶೃಂಗಾರಸಾಧನವಾಗಿರದೆ ವೈದ್ಯ, ದೇವಪೂಜೆ, ಅತಿಥಿಸತ್ಕಾರ ಮತ್ತು ವ್ಯಾಪಾರಗಳೊಂದಿಗೆ ಹೆಣೆದುಕೊಂಡಿತ್ತು.

ಇದಕ್ಕೆ ಮೊದಲ ಆಧಾರ ದೇವಾಲಯಗಳ ದತ್ತಿಶಾಸನಗಳಲ್ಲಿ ದೊರೆಯುತ್ತದೆ. ಭೂಮಿ, ತೋಟ, ಸುಂಕಗಳನ್ನು ದೇವರ ಅಂಗಭೋಗ ಮತ್ತು ರಂಗಭೋಗಗಳಿಗೆಂದು ಬಿಟ್ಟುಕೊಡುವುದು ಆಗಿನ ವಾಡಿಕೆ; ಅಂಗಭೋಗವೆಂದರೆ ದೇವರ ಮೂರ್ತಿಗೆ ಸ್ನಾನ, ಗಂಧಲೇಪನ, ಹೂವು, ಧೂಪ, ವಸ್ತ್ರಗಳ ಸೇವೆ, ರಂಗಭೋಗವೆಂದರೆ ಗೀತ, ವಾದ್ಯ, ನೃತ್ಯಗಳ ಸೇವೆ. ಅರಸನ ಮೈಗೆ ಸಲ್ಲುವ ಉಪಚಾರಗಳೆಲ್ಲ ದೇವರಿಗೂ ಸಲ್ಲುತ್ತಿದ್ದುದರಿಂದ ಗಂಧ ತೇಯುವ ಕೆಲಸ ದೇಗುಲದಲ್ಲಿ ನಿತ್ಯದ ಕಾಯಕವಾಗಿತ್ತು. ಗಜೇಂದ್ರಗಡದ ಸಮೀಪದ ಸೂಡಿ ಇಂಥ ದೇಗುಲಬದುಕಿನ ಕೇಂದ್ರಗಳಲ್ಲೊಂದು. ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡನ್ನು ಆಳುತ್ತಿದ್ದುದನ್ನು ಸೂಡಿಯ 1010ರ ಶಾಸನ ಹೇಳುತ್ತದೆ. ಚೋಳರ ಯುದ್ಧದಿಂದ ಕೆಟ್ಟಿದ್ದ ಊರಿನ ವ್ಯವಸ್ಥೆಯನ್ನು ಆಕೆ 1050ರ ಸುಮಾರಿಗೆ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಮರಳಿ ಕಟ್ಟಿಕೊಟ್ಟಳು. ಸೆಟ್ಟಿಗಳ ಈ ಸ್ಥಾನ ಗಮನಾರ್ಹ, ಏಕೆಂದರೆ ಬೆಲೆಬಾಳುವ ಸುಗಂಧವಸ್ತುಗಳು ನಾಡಿಗೆ ಬರುತ್ತಿದ್ದುದು ವರ್ತಕರ ಕೈಯಿಂದಲೇ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ಸಂಘವು ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳ ವ್ಯಾಪಾರ ನಡೆಸುತ್ತಿತ್ತು. ಶ್ರೀಗಂಧ ಕನ್ನಡ ನಾಡಿನ ಕಾಡಿನದೇ ಆದರೆ, ಕೇಸರಿ ಕಾಶ್ಮೀರದಿಂದಲೂ ಕಸ್ತೂರಿ ಹಿಮಾಲಯದ ಕಡೆಯಿಂದಲೂ ಉತ್ತಮ ಕರ್ಪೂರ ಸುಮಾತ್ರದ ಕಡಲದಾರಿಯಿಂದಲೂ ಬರಬೇಕಾಗಿತ್ತು.

ಗ್ರಂಥಾಧಾರಗಳೂ ಸಮೃದ್ಧವಾಗಿವೆ. ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ವು ಕೃಷಿ, ಅಡುಗೆ, ಜಲಶೋಧನೆಗಳ ಜೊತೆಗೆ ಗಂಧಯುಕ್ತಿಯನ್ನೂ, ಅಂದರೆ ಸುಗಂಧದ್ರವ್ಯಗಳನ್ನು ಬೆರೆಸುವ ವಿದ್ಯೆಯನ್ನೂ, ಜನಬಳಕೆಯ ತಿಳಿವಳಿಕೆಯೆಂದೇ ಎಣಿಸಿ ಒಳಗೊಂಡಿದೆ. ಸಂಸ್ಕೃತದ ರಾಜವಿದ್ಯೆಯೆನಿಸಿದ್ದುದನ್ನು ಕನ್ನಡ ಓದುಗರ ಮನೆಬಾಗಿಲಿಗೆ ತಂದ ಈ ಕೃತಿಗೆ ಸೌಂದರ್ಯಸಾಧನಗಳ ಇತಿಹಾಸದಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ. ಈ ವಿದ್ಯೆಯ ಹಳೆಯ ಮಾದರಿ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿದೆ. ನರೆಗೂದಲನ್ನು ಕಪ್ಪಾಗಿಸಲು ಅಲ್ಲಿ ಹೇಳಿರುವ ಕ್ರಮದಂತೆ ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿ ಎಲೆಗಳಿಂದ ಸುತ್ತಿ ಕಟ್ಟಬೇಕು. ಕೆಲವು ಗಂಟೆಗಳ ಬಳಿಕ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ ಹಾಕಿ ಮತ್ತೆ ಎಲೆ ಕಟ್ಟಬೇಕು. ಹುಳಿಯಲ್ಲಿ ಕರಗಿದ ಕಬ್ಬಿಣವು ನೆಲ್ಲಿಯ ಒಗರಿನೊಡನೆ ಕೂಡಿದಾಗ ಕಪ್ಪು ಬಣ್ಣ ಹುಟ್ಟುತ್ತದೆ.

ಅರಮನೆಯ ಚಿತ್ರ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿದೆ. 1129ರ ಸುಮಾರಿನ ಈ ಸಂಸ್ಕೃತ ಗ್ರಂಥದ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ಉಪಭೋಗಗಳಿಗೆ, ಅಂದರೆ ಅರಸನ ನಿತ್ಯಸುಖಗಳಿಗೆ ಮೀಸಲಾಗಿದ್ದು, ಸ್ನಾನ, ತಾಂಬೂಲ, ವಿಲೇಪನ, ಮಾಲ್ಯ, ಪಾದಾಭ್ಯಂಗ, ಧೂಪಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಪರಿಮಳದ ಎಣ್ಣೆಯಿಂದ ಮೈ ತಿಕ್ಕುವುದು ಅಭ್ಯಂಗ, ಆಮೇಲೆ ಜಿಡ್ಡು ಹೋಗುವಂತೆ ಚೂರ್ಣದಿಂದ ಉಜ್ಜುವುದು ಉದ್ವರ್ತನ, ಮಿಂದ ಬಳಿಕ ಋತುವಿಗೆ ಒಪ್ಪುವ ಗಂಧ ಪೂಸುವುದು ವಿಲೇಪನ. ಬೇಸಿಗೆಗೆ ತಂಪಾದ ಶ್ರೀಗಂಧ, ಚಳಿಗೆ ಬೆಚ್ಚನೆಯ ಕೇಸರಿ ಎಂಬ ವಿವೇಚನೆ ಆಯುರ್ವೇದದ್ದು.

ಒಕ್ಕಲು ಮನೆಗಳ ಸಾಮಗ್ರಿ ಹೊಲ, ತೋಟ, ಗುಡ್ಡಗಳದು: ಅರಿಶಿನ, ಕಡಲೆಹಿಟ್ಟು, ಎಳ್ಳೆಣ್ಣೆ, ಸೀಗೆಕಾಯಿ, ಅಂಟುವಾಳ. ದೀಪದ ಕುಡಿಯ ಮೇಲೆ ಲೋಹದ ತಟ್ಟೆ ಹಿಡಿದು, ಕೂಡಿದ ಮಸಿಯನ್ನು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುವ ಪದ್ಧತಿ ಇಂದಿಗೂ ಉಳಿದಿದೆ. ವೀಳ್ಯವು ತುಟಿಗೆ ಕೆಂಪನ್ನೂ ಬಾಯಿಗೆ ಪರಿಮಳವನ್ನೂ ಕೊಡುತ್ತಿತ್ತು. ಮೈಯ ಆರೈಕೆಗೆ ಬೇಕಾದ ವೈದ್ಯವೂ ಕನ್ನಡದಲ್ಲಿ ಬೆಳೆಯಿತು. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಪೂಜ್ಯಪಾದನ ವೈದ್ಯಗ್ರಂಥವನ್ನು ಅನುಸರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು.

ಇದೇ ಶತಮಾನದ ಶಿವಭಕ್ತರಾದ ಶರಣರು ಈ ಭೋಗದ ಆದರ್ಶವನ್ನೇ ಪ್ರಶ್ನಿಸಿದರು. ಗಂಧ, ಕಸ್ತೂರಿಗಳ ಸ್ಥಾನದಲ್ಲಿ ವಿಭೂತಿ ಮೈಯ ಮುಖ್ಯ ಲೇಪನವಾಯಿತು. ಅಕ್ಕಮಹಾದೇವಿ ಉಡುಗೆ ತೊಡುಗೆಗಳನ್ನೇ ತೊರೆದಳು. ಹಡಪ, ಅಂದರೆ ವೀಳ್ಯದ ಚೀಲ, ಹಿಡಿಯುವ ಊಳಿಗವೂ ಹಡಪದ ಅಪ್ಪಣ್ಣನ ಮೂಲಕ ಗೌರವದ ಕಾಯಕವೆನಿಸಿತು.

ಆದರೂ ಸುಗಂಧವಿದ್ಯೆಯ ಪರಂಪರೆ ಕಡಿಯಲಿಲ್ಲ. ವಿಜಯಪುರದ ಆದಿಲಶಾಹಿಗಳ ಕಾಲದಲ್ಲಿ ಪನ್ನೀರು, ಅತ್ತರುಗಳ ಬಳಕೆ ಈ ವಿದ್ಯೆಯೊಡನೆ ಕೂಡಿಕೊಂಡಿತು. ಇಮ್ಮಡಿ ಇಬ್ರಾಹಿಂ ಆದಿಲಶಾಹನಿಗಾಗಿ ನಿಜಾಮುದ್ದೀನ್ ಮಹಮೂದ್ ಪಾರಸಿಯಲ್ಲಿ ಬರೆದ 'ಇತ್ರ್-ಎ-ನವರಸ್ ಶಾಹಿ' ಎಂಬ ಗ್ರಂಥ ಸಂಪೂರ್ಣವಾಗಿ ಸುಗಂಧಗಳಿಗೇ ಮೀಸಲಾಗಿದೆ.